4/8 ಧ್ರುವದ ಮೋಟಾರು: ಕಡಿಮೆ ವೇಗದಲ್ಲಿ ಸರಿ, ಹೆಚ್ಚಿನ ವೇಗಕ್ಕೆ ಹಾಕಿದರೆ ಟ್ರಿಪ್

ಗಾಳಿಗುದುರೆ: ಬ್ಲೋವರಿನ ಎರಡು ವೇಗದ ಮೋಟಾರು ಕಡಿಮೆ ವೇಗದಲ್ಲಿ ಯಾವ ತಕರಾರೂ ಇಲ್ಲದೆ ತಿರುಗುತ್ತದೆ, ಓಡುತ್ತಿರುವಾಗಲೇ ಹೆಚ್ಚಿನ ವೇಗಕ್ಕೆ ಬದಲಿಸಿದರೆ ಗುರ್ರೆಂದು ಅದುರಿ ಓವರ್‌ಲೋಡ್ ರಿಲೇ (ಕರೆಂಟು ಮಿತಿ ಮೀರಿದರೆ ಸಪ್ಲೈ ಕಡಿಯುವ ರಕ್ಷಕ) ಟ್ರಿಪ್ ಆಗುತ್ತದೆ. ವೈರಿಂಗ್ ನೋಡಿ ನೋಡಿ ತಲೆ ಕೆಟ್ಟುಹೋಗಿದೆ. ಕಾರಣವೇನಿರಬಹುದು?

ಹಳೇರಿಲೇ: ರಿಲೇಯದೇ ದೋಷ. ಎರಡು ವೇಗಗಳಿಗೆ ಕರೆಂಟು ಬೇರೆ ಬೇರೆಯಾದ್ದರಿಂದ ಪ್ರತ್ಯೇಕ ರಿಲೇಗಳಿರಬೇಕು.

ಗಾಳಿಗುದುರೆ: ಪ್ರತ್ಯೇಕವಾಗಿಯೇ ಇವೆ, ನೇಮ್‌ಪ್ಲೇಟಿನ ಆಂಪಿಯರಿಗೇ ಹೊಂದಿಸಿದ್ದೇನೆ.

ಹಳೇರಿಲೇ: ಹಾಗಾದರೆ ಹಳತಾಗಿರಬೇಕು, ಬದಲಿಸಿ.

ಎಂಟುಧ್ರುವ: ಅದಕ್ಕೂ ಮೊದಲು ಮೋಟಾರಿನ ಬಗೆ ತಿಳಿಯಬೇಕು. ಸಪ್ಲೈ ತೆಗೆದು, ಟರ್ಮಿನಲ್ ಪೆಟ್ಟಿಗೆಯ ತಂತಿಗಳನ್ನೆಲ್ಲ ಬಿಚ್ಚಿ ಮಲ್ಟಿಮೀಟರ್ ಹಿಡಿಯಿರಿ. ಆರು ತುದಿಗಳೂ ಒಂದಕ್ಕೊಂದು ಕಂಟಿನ್ಯುಟಿ (ವಿದ್ಯುತ್ ಸಂಪರ್ಕ) ತೋರಿಸಿದರೆ ಅದು ಡಾಲಾಂಡರ್ ಜೋಡಣೆಯ, ಅಂದರೆ ಸಂಪರ್ಕ ಬದಲಿಸಿ ಧ್ರುವಗಳನ್ನು ಇಮ್ಮಡಿಸಿ ವೇಗವನ್ನು ಅರ್ಧಕ್ಕಿಳಿಸುವ, ಒಂದೇ ವೈಂಡಿಂಗ್ (ತಂತಿ ಸುತ್ತು), ವೇಗಗಳ ಅನುಪಾತ 1:2. ಮೂರು ಮೂರರ ಎರಡು ಗುಂಪುಗಳಾದರೆ ಎರಡು ಪ್ರತ್ಯೇಕ ವೈಂಡಿಂಗ್. 4/6 ಧ್ರುವದಂಥವಕ್ಕೆ ಸಾಮಾನ್ಯವಾಗಿ ಹಾಗೆ ಸುತ್ತುತ್ತಾರೆ.

ಇನ್ವರ್ಟರ್‌ಪ್ರಿಯ: ಇಷ್ಟೆಲ್ಲ ಏಕೆ? ವಿಎಫ್‌ಡಿ (ಆವರ್ತನ ಬದಲಿಸಿ ವೇಗ ಹೊಂದಿಸುವ ಸಾಧನ) ಹಾಕಿದರೆ ಮುಗಿಯಿತು. ನನ್ನ ಮೂರೂ ಯಂತ್ರಗಳಿಗೆ ಅದನ್ನೇ ಹಾಕಿದ್ದೇನೆ.

ಎಂಟುಧ್ರುವ: ಎರಡೇ ವೇಗ ಸಾಕಾಗುವ ಫ್ಯಾನಿಗೆ ಕಾಂಟ್ಯಾಕ್ಟರುಗಳೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚುಗಳು) ಸಾಕು. ಇಲ್ಲಿನ ಪ್ರಶ್ನೆಯೂ ಅದಲ್ಲ.

ಗಾಳಿಗುದುರೆ: ಆರರ ನಡುವೆಯೂ ಕಂಟಿನ್ಯುಟಿ ಇದೆ. ನೇಮ್‌ಪ್ಲೇಟಿನಲ್ಲಿ ಸ್ಟಾರ್/ಡಬಲ್ ಸ್ಟಾರ್ (ಕಡಿಮೆ/ಹೆಚ್ಚಿನ ವೇಗದ ಜೋಡಣೆ), ನಿಮಿಷಕ್ಕೆ 710/1440 ಸುತ್ತು ಎಂದಿದೆ. ರಿಲೇ ಬದಲಿಸಿಯೂ ಪ್ರಯೋಜನವಾಗಲಿಲ್ಲ. ರೀವೈಂಡ್ ಆಗಿ ಬಂದಂದಿನಿಂದ ಇದೇ ಕಾಟ.

ಎಂಟುಧ್ರುವ: ರೀವೈಂಡ್ ಆದದ್ದನ್ನು ಈಗ ಹೇಳುತ್ತಿದ್ದೀರಿ! ಡಾಲಾಂಡರಿನಲ್ಲಿ ಧ್ರುವಗಳು 4ರಿಂದ 8 ಆದಾಗ ಫೇಸುಗಳ ನಡುವಣ ವಿದ್ಯುತ್ ಕೋನ 120 ಡಿಗ್ರಿಯಿಂದ 240ಕ್ಕೆ ಹೋಗುವುದರಿಂದ ಫೇಸ್ ಕ್ರಮವೇ ತಿರುವುಮುರುವಾಗುತ್ತದೆ. ತಯಾರಕರು ಟರ್ಮಿನಲ್ ಗುರುತುಗಳಲ್ಲಿಯೇ ಇದನ್ನು ಸರಿದೂಗಿಸಿರುತ್ತಾರೆ. ರೀವೈಂಡಿನಲ್ಲಿ ತುದಿಗಳು ಅದಲುಬದಲಾಗಿದ್ದರೆ, ಮುಂದಕ್ಕೆ ತಿರುಗುತ್ತಿರುವ ಫ್ಯಾನನ್ನು ಮೋಟಾರು ಹಿಂದಕ್ಕೆ ಎಳೆಯುತ್ತದೆ, ಕರೆಂಟು ಇಳಿಯುವ ಮೊದಲೇ ರಿಲೇ ಬೀಳುತ್ತದೆ. ಶಾಫ್ಟಿನ ತುದಿಗೆ ಸೀಮೆಸುಣ್ಣದ ಗೆರೆ ಎಳೆದು, ನಿಂತ ಮೋಟಾರಿಗೆ ನೇರವಾಗಿ ಹೆಚ್ಚಿನ ವೇಗದ ಸಪ್ಲೈಯನ್ನು ಕ್ಷಣಮಾತ್ರ ಕೊಟ್ಟು ದಿಕ್ಕು ನೋಡಿ. ಗಾಳಿಯನ್ನು ಮಾತ್ರ ನಂಬಬೇಡಿ. ಸೆಂಟ್ರಿಫ್ಯೂಗಲ್ ಫ್ಯಾನು ಹಿಮ್ಮುಖವಾಗಿ ತಿರುಗಿದರೂ ಗಾಳಿ ಅದೇ ಬಾಯಿಂದ ಬರುತ್ತದೆ, ಬಲ ಮಾತ್ರ ಕಡಿಮೆ.

ಗಾಳಿಗುದುರೆ: ದಿಕ್ಕು ಉಲ್ಟಾ ಇತ್ತು. ಕಡಿಮೆ ವೇಗದ ತುದಿಗಳಾದ 1ಯು, 1ವಿ, 1ಡಬ್ಲ್ಯುಗಳನ್ನು ಕೂಡಿಸುವ ಸ್ಟಾರ್ ಕಾಂಟ್ಯಾಕ್ಟರನ್ನು ಮುಟ್ಟದೆ, ಹೆಚ್ಚಿನ ವೇಗದ ತುದಿಗಳಾದ 2ಯು ಮತ್ತು 2ಡಬ್ಲ್ಯುಗೆ ಬರುವ ತಂತಿಗಳನ್ನಷ್ಟೇ ಅದಲುಬದಲು ಮಾಡಿದೆ. ಈಗ ಟ್ರಿಪ್ ಆಗುತ್ತಿಲ್ಲ.

ಹಳೇರಿಲೇ: ಅದಿರಲಿ, ಹೊಸ ರಿಲೇ ಕ್ಲಾಸ್ (ಟ್ರಿಪ್ ಆಗಲು ತೆಗೆದುಕೊಳ್ಳುವ ಸಮಯದ ವರ್ಗ) 10ರದೋ 20ರದೋ? ಭಾರದ ಫ್ಯಾನಾದರೆ 10 ಸಾಲದು.