ಅಪ್‌ಡೇಟ್: ಅಜ್ಜನ ಮನಿಯ ಲಕ್ಷ್ಮಿ ರವಿವರ್ಮನದ್ದೇ?

ಹೋದ ತಿಂಗಳು ಕೇಳಿದ್ದೆನಲ್ಲ, ಗುಳೇದಗುಡ್ಡದ ಅಜ್ಜನ ಮನಿಯ ದೇವರ ಜಗಲಿ ಮೇಲಿನ ಲಕ್ಷ್ಮಿ ಪಟ ರಾಜಾ ರವಿವರ್ಮನ ಅಸಲಿ ತೈಲಚಿತ್ರ ಹೌದೋ ಅಲ್ಲೋ ಅಂತ? ಅಲ್ಲ, ಅಚ್ಚು ಹಾಕಿದ ಪಟ.

ಬಾಗಲಕೋಟೆಯ ಪರಿಚಯದ ಅಕ್ಕಸಾಲಿಗರ ಮಸೂರ ಕಡ ತಂದು ಹಗಲು ಬೆಳಕಿನಲ್ಲಿ ನೋಡಿದೆ. ಬರಿಗಣ್ಣಿಗೆ ನುಣುಪಾಗಿದ್ದ ಕೆನ್ನೆ ಸಾಸಿವೆಗಿಂತ ಸಣ್ಣ ಬಣ್ಣದ ಚುಕ್ಕಿಗಳಾಗಿ ಒಡೆಯಿತು. ಕುಂಚದ ಎಳೆ ಒಂದೂ ಇಲ್ಲ. ನಾನು ಅಷ್ಟು ನಂಬಿದ್ದ ಸಹಿಯೂ ಅಚ್ಚಿನೊಳಗೇ ಇದೆ. ಕ್ಯಾನ್ವಾಸ್‌ನಂಥ ಒರಟು ಮೈ ನೋಡಿ ಮೋಸ ಹೋಗಿದ್ದೆ. ಚೌಕಟ್ಟು ಬಿಚ್ಚಿದರೆ ಹಿಂದೆ ಬರೀ ಕಾಗದ! ತೈಲಚಿತ್ರದ ಭ್ರಮೆ ಹುಟ್ಟಿಸಲೆಂದೇ ಕೆಲವು ಓಲಿಯೋಗ್ರಾಫ್‌ಗಳಿಗೆ (ತೈಲಚಿತ್ರದಂತೆ ಕಾಣುವ ಬಣ್ಣದ ಅಚ್ಚಿನ ಪಟಗಳಿಗೆ) ಹೀಗೆ ಉಬ್ಬಚ್ಚು ಹಾಕಿ ವಾರ್ನಿಷ್ ಬಳಿಯುತ್ತಿದ್ದರು.

ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಶುರುಮಾಡಿದ ಮುದ್ರಣಾಲಯ ಆಮೇಲೆ ಲೋಣಾವಳ ಬಳಿಯ ಮಳವಲಿಗೆ ಹೋಯ್ತು. 1906ರಲ್ಲಿ ಅವನು ತೀರಿಕೊಂಡ ಮೇಲೂ ಅಚ್ಚು ನಿಲ್ಲಲಿಲ್ಲ. ಹಾಗಾಗಿ ಸಹಿ ಇದ್ದ ಮಾತ್ರಕ್ಕೆ ಕಾಲವೂ ಗೊತ್ತಾಗದು.

ಮಾರಿ ಟ್ರ್ಯಾಕ್ಟರ್ ಕೊಳ್ಳುವ ಲೆಕ್ಕ ಹಾಕಿದ್ದ ಕಾಕಾನ ಮುಖ ಸಣ್ಣದಾಯ್ತು. ನನಗೆ ಮಾತ್ರ ಲಕ್ಷ್ಮಿಯ ಸೀರೆ ಅಂಚಿಗೆ ಕೈಯಿಂದ ಹೊಲಿದ ಜರಿ, ಚಮಕಿಯೇ ಹೆಚ್ಚು ಬೆಲೆಯದು ಅನ್ನಿಸಿತು. ಅದು ಅಜ್ಜಿಯ ಕೈಕೆಲಸ ಅಂತಾಳೆ ಅತ್ತೆ. ಹೊಸ ಗಾಜು ಹಾಕಿಸಿ ಜಗಲಿ ಮೇಲೇ ಇಟ್ಟಿದ್ದೇವೆ.