ಕ್ಯಾಮೆರಾ ಮೊದಲೋ, ಕ್ಯೋಟೋ ಮೊದಲೋ? ಅನುಭವವಿದ್ದವರು ದಯವಿಟ್ಟು ತಿಳಿಸಿ

ಕೆಂಪೆಲೆ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಾನು ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವವಳು. ಬಿಡುವಿನಲ್ಲಿ ಫೋಟೋ ತೆಗೆಯುವುದು ಮತ್ತು ಜಪಾನಿನ ತೋಟ, ದೇವಾಲಯ, ಹಬ್ಬಗಳ ಬಗ್ಗೆ ಕನ್ನಡದಲ್ಲಿ ಬರೆಯುವುದು ನನ್ನ ಹವ್ಯಾಸ. ಇದುವರೆಗೆ ಬರೆದದ್ದೆಲ್ಲ ಓದಿ ತಿಳಿದದ್ದೇ ಹೊರತು ಕಣ್ಣಾರೆ ಕಂಡದ್ದಲ್ಲ. ನವೆಂಬರ್ ಕೊನೆಯ ವಾರದಲ್ಲಿ ಮೇಪಲ್ ಎಲೆಗಳು ಕೆಂಪಾಗುವ ಹೊತ್ತಿಗೆ ಕ್ಯೋಟೋದಲ್ಲಿರಬೇಕೆಂದು ಮೂರೂವರೆ ಲಕ್ಷ ರೂಪಾಯಿ ಕೂಡಿಟ್ಟಿದ್ದೇನೆ. ಕೈಯಲ್ಲಿರುವುದು ಹಳೆಯ ಕ್ರಾಪ್ ಸೆನ್ಸರ್ (ಸಣ್ಣ ಸೆನ್ಸರಿನ) ಕ್ಯಾಮೆರಾ ಮತ್ತು ಅದರ ಜೊತೆಗೇ ಬಂದ 18-55 ಎಂಎಂ ಲೆನ್ಸ್. ಹಣದಲ್ಲಿ ಅರ್ಧವನ್ನು ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾಕ್ಕೆ ಹಾಕಿ ಒಂದು ವಾರ ಹೋಗಿಬರಲೇ, ಇದೇ ಕ್ಯಾಮೆರಾ ಹಿಡಿದು ಎರಡು ವಾರ ಇದ್ದು ಬರಲೇ, ಅಥವಾ ಪರೀಕ್ಷೆಯ ಆರಂಭದ ಹಂತವಾದ ಎನ್5 ಮಾತ್ರ ಮುಗಿಸಿರುವ ನನ್ನ ಜಪಾನಿ ಭಾಷೆಯನ್ನು ಇನ್ನಷ್ಟು ಕಲಿತು ಮುಂದಿನ ವರ್ಷ ಹೋಗಲೇ? ಹೋಗಿಬಂದವರು ಹೇಳಬೇಕು.

ಬಿಡದಿ ಹಳಬ

ತಾಯಿ, ಕ್ಯಾಮೆರಾದ ಮಾತು ಆಮೇಲಿರಲಿ, ಹಣ ಸೋರುವುದು ರೈಲಿನಲ್ಲಿ. ನಾನು ಬಿಡದಿಯ ಕಾರು ಬಿಡಿಭಾಗಗಳ ಕಾರ್ಖಾನೆಯಿಂದ ತರಬೇತಿಗೆಂದು ನಗೋಯಾ ಕಡೆಗೆ ಹೋಗಿದ್ದವನು, ವಾರದ ರಜೆಯಲ್ಲಿ ಕ್ಯಾಮೆರಾ ಹೆಗಲಿಗೇರಿಸಿ ಊರೂರು ಸುತ್ತಿದವನು. ವಿದೇಶಿ ಪ್ರವಾಸಿಗರು ರೈಲುಗಳಲ್ಲಿ ಬೇಕಾದಷ್ಟು ಓಡಾಡಲೆಂದು ಕೊಡುವ ಏಳು ದಿನದ ಜೆಆರ್ ಪಾಸ್ 2023ರ ಅಕ್ಟೋಬರ್ 1ರಂದು 29,650 ಯೆನ್‌ನಿಂದ ಒಮ್ಮೆಲೇ 50,000 ಯೆನ್‌ಗೆ ಏರಿದ್ದನ್ನು ನಮ್ಮ ಪ್ರವಾಸ ಸಲಹೆಗಾರರಲ್ಲಿ ಹಲವರು ಇನ್ನೂ ಗಮನಿಸಿದಂತಿಲ್ಲ. ಟೋಕಿಯೋದಿಂದ ಕ್ಯೋಟೋಗೆ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಒಂದು ಕಡೆಗೆ ಸುಮಾರು 14,000 ಯೆನ್ ಆಗುತ್ತದೆ. ಹಳೆಯ ದರದಲ್ಲಿ ಹೋಗಿಬಂದು, ನಡುವೆ ನಾರಾವನ್ನೂ ನೋಡಿಬಿಟ್ಟರೆ ಪಾಸಿನ ಹಣ ಹುಟ್ಟುತ್ತಿತ್ತು. ಹೊಸ ದರದಲ್ಲಿ ಟೋಕಿಯೋದಿಂದ ಹಿರೋಶಿಮಾದವರೆಗೆ ಹೋಗಿಬಂದರೂ ಹುಟ್ಟುವುದಿಲ್ಲ.

ನನ್ನ ಪದ್ಧತಿಯೇ ಬೇರೆ. ನಗೋಯಾದಿಂದ ಕ್ಯೋಟೋಗೆ ಶಿಂಕಾನ್ಸೆನ್‌ನಲ್ಲಿ 5,000 ಯೆನ್‌ಗೂ ಮೇಲಾಗುವಾಗ, ನಾನು ಓಗಾಕಿ ಮತ್ತು ಮೈಬಾರಾದಲ್ಲಿ ಗಾಡಿ ಬದಲಿಸಿ ಸಾಮಾನ್ಯ ರೈಲಿನಲ್ಲಿ ಸುಮಾರು 2,600 ಯೆನ್‌ಗೆ ಮುಗಿಸುತ್ತಿದ್ದೆ. ಮೈಬಾರಾದಲ್ಲಿ ಬಾಗಿಲು ತೆರೆದೊಡನೆ ಅಷ್ಟೊಂದು ಸಭ್ಯರಾದ ಜಪಾನೀಯರೂ ಚೀಲವನ್ನು ಎದೆಗವಚಿಕೊಂಡು ಮುಂದಿನ ಗಾಡಿಯಲ್ಲಿ ಸೀಟು ಹಿಡಿಯಲು ಓಡುವುದನ್ನು ನೋಡಬೇಕು. ನನ್ನ ಒಳ್ಳೆಯ ಚಿತ್ರಗಳಲ್ಲಿ ಅದೂ ಒಂದು. ಸಾಮಾನ್ಯ ರೈಲುಗಳಿಗೆಂದೇ ಇರುವ ಸೇಶುನ್ 18 ಟಿಕೆಟ್ ಕೊಂಡರೆ 12,050 ಯೆನ್‌ಗೆ ಐದು ದಿನ ದೇಶವಿಡೀ ಸುತ್ತಬಹುದು. ಉಳಿದ ಹಣಕ್ಕೆ ಯಾವ ಕ್ಯಾಮೆರಾ ಬೇಕಾದರೂ ಬರುತ್ತದೆ.

ಕರಾವಳಿ ಕಣ್ಣು, ಮಂಗಳೂರು

ಇಲ್ಲಿಂದ ಕ್ಯಾಮೆರಾ ಬಾಡಿ ಕೊಂಡು ಹೋಗಬೇಡಿ, ಅಲ್ಲೇ ಹಳೆಯದನ್ನು ಕೊಳ್ಳಿ. ನಮ್ಮ ಊರಿನ ಮಳೆಗಾಲದಲ್ಲಿ ನನ್ನ ಎರಡು ಲೆನ್ಸ್‌ಗಳಿಗೆ ಬೂಷ್ಟು ಹಿಡಿದು, ಅಂಚಿನಿಂದ ಜೇಡರ ಬಲೆಯಂತೆ ಬೆಳೆದು, ರಿಪೇರಿಯವನು ಒಂದಕ್ಕೆ 4,500 ರೂಪಾಯಿ ಪಡೆದು ಒರೆಸಿಕೊಟ್ಟರೂ ಲೇಪನ ಹಾಳಾಗಿ ಮರಳಿತ್ತು. ಇನ್ನೊಂದನ್ನು ಅವನು ಮುಟ್ಟಲೇ ಇಲ್ಲ. ಆ ಬೇಸರದಲ್ಲೇ ಟೋಕಿಯೋದ ನಾಕಾನೋಗೆ ಹೋದೆ. ಅಲ್ಲಿನ ಹಳೆ ಕ್ಯಾಮೆರಾ ಅಂಗಡಿಗಳಲ್ಲಿ ಪ್ರತಿ ಲೆನ್ಸಿನ ಪಕ್ಕದಲ್ಲೂ ಒಂದು ಸಣ್ಣ ಚೀಟಿ ಇರುತ್ತದೆ: ಹಿಂದಿನ ಗಾಜಿನಲ್ಲಿ ಸೂಕ್ಷ್ಮ ಧೂಳು, ರಬ್ಬರ್ ಬಳೆ ಸ್ವಲ್ಪ ಬಿಳಿಚಿದೆ, ಬೂಷ್ಟು ಇಲ್ಲ, ಮುಚ್ಚಳ ಇಲ್ಲ. ನಾನು ಆರಿಸಿದ ಬಾಡಿಯ ಚೀಟಿಯಲ್ಲಿ ತಳದ ಒಂದು ಗೀರನ್ನೂ ಬರೆದಿದ್ದರು. ಅದನ್ನು ಕಾಣಲು ನನಗೆ ಭೂತಗನ್ನಡಿ ಬೇಕಾಯಿತು.

ಬಾಡಿ ಮತ್ತು ಲೆನ್ಸ್ ಸೇರಿ ತೆರಿಗೆಸಹಿತ 2,64,000 ಯೆನ್ ಇತ್ತು. ಪಾಸ್‌ಪೋರ್ಟ್ ತೋರಿಸಿದ ಮೇಲೆ ಶೇಕಡಾ 10ರ ಬಳಕೆ ತೆರಿಗೆ ಕಳೆದು 2,40,000ಕ್ಕೆ ಕೊಟ್ಟರು. ಯೆನ್‌ಗೆ 60 ಪೈಸೆಯಂತೆ 1,44,000 ರೂಪಾಯಿ. ಬೆಂಗಳೂರಿನಲ್ಲಿ ಇಳಿದಾಗ, ಸುಂಕ ಕಟ್ಟಬೇಕಾದವರ ಕೆಂಪು ದಾರಿಯಲ್ಲೇ ಹೋಗಿ ರಸೀದಿ ತೋರಿಸಿದೆ. ಆಗಿದ್ದ 50,000 ರೂಪಾಯಿಯ ವಿನಾಯಿತಿ ಕಳೆದು, ಉಳಿದ 94,000ಕ್ಕೆ ಶೇಕಡಾ 38.5ರಂತೆ 36,190 ರೂಪಾಯಿ ಸುಂಕ ಕಟ್ಟಿದೆ. ಹಸಿರು ದಾರಿಯಲ್ಲಿ ನುಸುಳಿ ಬಂದವರ ಉಪದೇಶ ನನಗೆ ಬೇಡ. ಅಲ್ಲಿನ ದೇಶೀಯ ಮಾರಾಟಕ್ಕೆಂದೇ ತಯಾರಾದ ಕೆಲವು ಬಾಡಿಗಳಲ್ಲಿ ಮೆನು ಜಪಾನಿ ಭಾಷೆಯಲ್ಲಿ ಮಾತ್ರ ಇರುತ್ತದೆ, ಬದಲಿಸುವ ಆಯ್ಕೆಯೇ ಇರುವುದಿಲ್ಲ. ನನ್ನದೂ ಅಂಥದ್ದೇ, ತಿಳಿದೇ ಕೊಂಡೆ. ಇಂದು ಕಣ್ಣು ಮುಚ್ಚಿ ವೈಟ್ ಬ್ಯಾಲೆನ್ಸ್ ಬದಲಿಸುತ್ತೇನೆ.

ಒಸಾಕಾ ವಾಸಿ

ಬಿಡದಿಯವರು ದಯವಿಟ್ಟು ತಪ್ಪು ಮಾಹಿತಿ ಹರಡಬಾರದು. ಸೇಶುನ್ 18 ಟಿಕೆಟ್ ವಸಂತ, ಬೇಸಿಗೆ ಮತ್ತು ಚಳಿಗಾಲದ ನಿಗದಿತ ಅವಧಿಗಳಲ್ಲಿ ಮಾತ್ರ ನಡೆಯುತ್ತದೆ, ಚಳಿಗಾಲದ ಅವಧಿ ತೆರೆಯುವುದೇ ಡಿಸೆಂಬರ್‌ನಲ್ಲಿ. ನವೆಂಬರ್ ಕೊನೆಯಲ್ಲಿ ಬರುವ ಈ ಸಹೋದರಿಗೆ ಅದರಿಂದ ಕಾಸಿನ ಪ್ರಯೋಜನವಿಲ್ಲ. ಮೇಲಾಗಿ 2024ರ ಚಳಿಗಾಲದಿಂದ ಅದನ್ನು ಬೇಕೆಂದ ದಿನ ಬಳಸುವಂತಿಲ್ಲ. ಐದು ದಿನವೆಂದರೆ ಸತತ ಐದು ದಿನ, ಮೂರು ದಿನದ್ದಕ್ಕೆ 10,000 ಯೆನ್.

ನಾನು ಇಲ್ಲಿ ನೆಲೆಸಿ ಚಹಾ ವಿಧಿಯನ್ನು ಕಲಿಯುತ್ತಿರುವವಳು. ನಮ್ಮವರು ಬಂದಾಗಲೆಲ್ಲ ಜೊತೆಗೆ ಹೋಗಿ ತಲೆ ತಗ್ಗಿಸುವ ಪಾಳಿ ನನ್ನದೇ ಆಗಿದೆ. ಕ್ಯೋಟೋದ ಗಿಯೋನ್ ಬಡಾವಣೆಯಲ್ಲಿ ಸಂಜೆ ಮೈಕೊ ಹುಡುಗಿಯರು, ಅಂದರೆ ಗೈಶಾ ಕಲೆ ಕಲಿಯುತ್ತಿರುವವರು, ಟೀಹೌಸ್‌ಗೆ ಕೆಲಸಕ್ಕೆಂದು ಅವಸರದಲ್ಲಿ ನಡೆಯುತ್ತಿರುತ್ತಾರೆ. ಅವರ ಹಿಂದೆ ಓಡುವುದು, ತೋಳು ಹಿಡಿದು ನಿಲ್ಲಿಸುವುದು, ಮುಖಕ್ಕೆ ಫ್ಲ್ಯಾಷ್ ಹಾಯಿಸುವುದು ಎಷ್ಟು ಅತಿಯಾಯಿತೆಂದರೆ, ಖಾಸಗಿ ಓಣಿಗಳಲ್ಲಿ ಚಿತ್ರ ತೆಗೆದರೆ 10,000 ಯೆನ್ ದಂಡವೆಂಬ ಫಲಕ ಹಾಕಿದರೂ ಸಾಲದೆ 2024ರಲ್ಲಿ ಆ ಓಣಿಗಳಿಗೆ ಪ್ರವಾಸಿಗರ ಪ್ರವೇಶವನ್ನೇ ನಿಷೇಧಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ಫುಜಿಕಾವಾಗುಚಿಕೊದಲ್ಲಿ ಒಂದು ಅಂಗಡಿಯ ಮಾಳಿಗೆಯ ಮೇಲೆ ಫುಜಿ ಕಾಣುವ ದೃಶ್ಯಕ್ಕಾಗಿ ಜನ ರಸ್ತೆಗೆ ನುಗ್ಗುತ್ತಾರೆಂದು ಎರಡೂವರೆ ಮೀಟರ್ ಎತ್ತರದ ಕಪ್ಪು ಪರದೆಯನ್ನೇ ಕಟ್ಟಿದ್ದರು. ಇಷ್ಟಾದ ಮೇಲೂ ಇಲ್ಲಿ ಬಾಡಿ, ಲೆನ್ಸ್, ಸುಂಕದ ಲೆಕ್ಕ ನಡೆದಿದೆ.

ಬೀದಿಚಿತ್ರ, ಮೈಸೂರು

ಮೇಡಂ, ತಮ್ಮ ಸಾತ್ವಿಕ ಕೋಪಕ್ಕೆ ವಂದನೆ, ಆದರೆ ಅರ್ಧ ಸತ್ಯವನ್ನು ಹೇಳಬೇಡಿ. ನಿಷೇಧವಿರುವುದು ಖಾಸಗಿ ಓಣಿಗಳಿಗೆ. ನಡುವಿನ ಹನಾಮಿಕೋಜಿ ಸಾರ್ವಜನಿಕ ರಸ್ತೆ. ನಾನು ಅಲ್ಲಿ ಒಂದು ಗೋಡೆಗೆ ಒರಗಿ, 35 ಎಂಎಂ ಲೆನ್ಸ್ ಹಿಡಿದು, ಯಾರನ್ನೂ ಹಿಂಬಾಲಿಸದೆ, ಒದ್ದೆ ಕಲ್ಲುಹಾಸಿನ ಮೇಲೆ ಬಿದ್ದ ಕಾಗದದ ದೀಪಗಳ ಬೆಳಕನ್ನು ತೆಗೆಯುತ್ತಿದ್ದೆ. ತೋಳಿಗೆ ಪಟ್ಟಿ ಕಟ್ಟಿಕೊಂಡ ಕಾವಲಿನವರೊಬ್ಬರು ಬಂದು ನನ್ನನ್ನೂ ಆ ಗುಂಪಿನವರ ಲೆಕ್ಕಕ್ಕೇ ಸೇರಿಸಿ ಎಬ್ಬಿಸಿ ಕಳುಹಿಸಿದರು. ನಾನು ತಂಗಿದ್ದ ಕೋಣೆಗೆ ಒಂದು ರಾತ್ರಿಗೆ 19,000 ಯೆನ್ ತೆತ್ತದ್ದೇ ಗಿಯೋನ್ ನಡೆಯುವ ದೂರದಲ್ಲಿರಲಿ ಎಂದು! ಅದೇ ಕೋಣೆ ಜನವರಿಯಲ್ಲಿ 7,000ಕ್ಕೆ ಸಿಗುತ್ತಿತ್ತು. ಕೆಂಪೆಲೆಯ ಕಾಲದಲ್ಲಿ ಕ್ಯೋಟೋಗೆ ಹೋಗುವವರು ಎಲೆಗಳಿಗಿಂತ ಹೆಚ್ಚು ತಲೆಗಳನ್ನು ಕಾಣುತ್ತಾರೆ ಎಂದು ಬರೆದುಕೊಳ್ಳಿ.

ಇನ್ನು ಕರಾವಳಿಯವರ ಗಣಿತ. ತೆರಿಗೆಯಲ್ಲಿ ಉಳಿದದ್ದು 24,000 ಯೆನ್, ಅಂದರೆ 14,400 ರೂಪಾಯಿ. ಸುಂಕವಾಗಿ ಕಟ್ಟಿದ್ದು 36,190. ಗ್ಯಾರಂಟಿ ಇಲ್ಲದ, ಮೆನು ಓದಲಾಗದ ಹಳೆಯ ಕ್ಯಾಮೆರಾಕ್ಕೆ ಹೀಗೆ ಹಣ ಸುರಿದು ಅದನ್ನು ಜಾಣತನವೆಂದು ಊರಿಗೆಲ್ಲ ಸಾರುವುದು ಯಾವ ಲೆಕ್ಕಶಾಸ್ತ್ರ?

ಕರಾವಳಿ ಕಣ್ಣು, ಮಂಗಳೂರು

ರಾಯರೇ, ಅದೇ ಲೆನ್ಸ್ ಇಲ್ಲಿ ಹೊಸತಾಗಿ 1,35,000 ರೂಪಾಯಿ, ಬಾಡಿ ಪ್ರತ್ಯೇಕ. ಎರಡನ್ನೂ ಕೂಡಿಸಿ ನೋಡಿ, ಆಮೇಲೆ ಲೆಕ್ಕಶಾಸ್ತ್ರದ ಪಾಠ ಹೇಳಿ. ಮೆನು ಓದಲಾಗದು ಎಂದದ್ದು ತಮಗೆ, ನನಗಲ್ಲ. ಪ್ರಶ್ನೆ ಕೇಳಿದವರಿಗೆ ಒಂದು ಮಾತು: ಹಳೆಯ ಕ್ಯಾಮೆರಾ ಒಯ್ಯುವುದಾದರೆ, ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಅದರ ಸೀರಿಯಲ್ ನಂಬರ್ ನಮೂದಿಸಿ ರಫ್ತು ಪ್ರಮಾಣಪತ್ರ ಪಡೆಯಿರಿ, ಮರಳುವಾಗ ಅದು ಅಲ್ಲಿ ಕೊಂಡದ್ದೆಂಬ ವಾದಕ್ಕೆ ಎಡೆಯಿರುವುದಿಲ್ಲ. ಜೊತೆಗೆ, 2026ರ ನವೆಂಬರ್‌ನಿಂದ ಜಪಾನಿನ ಅಂಗಡಿಯಲ್ಲೇ ತೆರಿಗೆ ಕಳೆಯುವ ಪದ್ಧತಿ ಹೋಗಿ, ಪೂರ್ಣ ಹಣ ತೆತ್ತು ದೇಶ ಬಿಡುವಾಗ ವಾಪಸು ಪಡೆಯುವ ಪದ್ಧತಿ ಬರುತ್ತದೆ. ಕೈಯಲ್ಲಿ ಅಷ್ಟು ಹೆಚ್ಚುವರಿ ಹಣವಿರಬೇಕು.

ಕೆಂಪೆಲೆ, ಬೆಂಗಳೂರು

ಎಲ್ಲರಿಗೂ ಧನ್ಯವಾದ. ಮೈಕೊಗಳ ಚಿತ್ರ ತೆಗೆಯುವ ಯೋಚನೆ ನನಗಿಲ್ಲ. 18-55 ಸಾಕಾಗುವುದೇ ಎಂಬುದನ್ನು ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ.

ಶುದ್ಧ ಸಸ್ಯಾಹಾರಿ, ಶಿವಮೊಗ್ಗ

ಲೆನ್ಸ್ ಸಾಕಾಗುವುದೋ ಇಲ್ಲವೋ, ಊಟ ಸಾಕಾಗುವುದಿಲ್ಲ, ಅದನ್ನು ಮೊದಲು ಯೋಚಿಸಿ. ಹುದುಗಿಸಿದ ಸೋಯಾದ ಮಿಸೊ ಸಾರೆಂದು ತಂದಿಟ್ಟದ್ದರಲ್ಲೂ, ಬರಿಯ ತರಕಾರಿ ಬೇಯಿಸಿದ್ದೆಂದು ಹೇಳಿದ್ದರಲ್ಲೂ ಒಣಮೀನು ಕುದಿಸಿ ತೆಗೆದ ದಾಶಿ ರಸ ಇರುತ್ತದೆ. ನಾನು ಕ್ಯೋಟೋದಲ್ಲಿ ಅನ್ನಕ್ಕೆ ಮನೆಯಿಂದ ಒಯ್ದ ಚಟ್ನಿಪುಡಿ ಕಲಸಿಕೊಂಡು ದಿನ ದೂಡಿದವನು. ಬಾಳೆಹಣ್ಣು ಒಂದಕ್ಕೆ 100 ಯೆನ್ ಕೊಟ್ಟಿದ್ದೇನೆ.

ಹೊಟ್ಟೆ ತುಂಬಿದ್ದು ಬೌದ್ಧ ಮಠಗಳಿರುವ ಕೋಯಾಸಾನ್ ಬೆಟ್ಟದಲ್ಲಿ. ಒಸಾಕಾದ ನಂಬಾದಿಂದ ನಾನ್ಕಾಯ್ ರೈಲಿನಲ್ಲಿ ಗೊಕುರಾಕುಬಾಶಿ, ಅಲ್ಲಿಂದ ಕೇಬಲ್ ಕಾರ್, ಆಮೇಲೆ ಬಸ್ಸು. ಸ್ಟೇಷನ್ನಿನಿಂದ ಊರಿಗೆ ಹೋಗುವ ಆ ರಸ್ತೆಯಲ್ಲಿ ನಡೆಯುವಂತಿಲ್ಲ. ಮಠದಲ್ಲಿ ಒಂದು ರಾತ್ರಿಗೆ ಎರಡು ಊಟ ಸೇರಿ ನನಗೆ 16,500 ಯೆನ್ ಆಯಿತು. ಅವರ ಶೋಜಿನ್ ಅಡುಗೆಯಲ್ಲಿ ಮೀನಿಲ್ಲ, ಮಾಂಸವಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಎಳ್ಳಿನ ತೋಫುವಿನ ತುಂಡೊಂದು ಚಾಪೆಯ ಮೇಲಿಟ್ಟ ಕೆಂಪು ಮಣೆಯಲ್ಲಿ ನಡುಗುತ್ತಾ ಕೂತಿತ್ತು. ನಮ್ಮ ಮಡಿ ಅಡುಗೆಯವರು ನೋಡಿದ್ದರೆ ಪಂಕ್ತಿಯಲ್ಲಿ ಜಾಗ ಕೊಡುತ್ತಿದ್ದರು. ಅಲ್ಲಿನ ಓಕುನೋಯಿನ್ ಸ್ಮಶಾನದ ದೇವದಾರುಗಳ ನಡುವೆ ಎರಡು ಕಿಲೋಮೀಟರ್ ಉದ್ದಕ್ಕೂ ಎರಡು ಲಕ್ಷಕ್ಕೂ ಮಿಕ್ಕ ಸಮಾಧಿಗಳಿವೆ. ಕೊನೆಯ ಸೇತುವೆ ದಾಟಿದ ಮೇಲೆ ಕ್ಯಾಮೆರಾ ಎತ್ತುವಂತಿಲ್ಲ. ಆ ಕ್ಷೇತ್ರವನ್ನು ಸ್ಥಾಪಿಸಿದ ಕೂಕೈ ಗುರುಗಳು 835ರಿಂದ ಅಲ್ಲಿ ಧ್ಯಾನದಲ್ಲಿಯೇ ಇದ್ದಾರೆಂಬುದು ಅಲ್ಲಿಯವರ ನಂಬಿಕೆಯಾದ್ದರಿಂದ ಭಿಕ್ಷುಗಳು ಇಂದಿಗೂ ದಿನಕ್ಕೆರಡು ಬಾರಿ ಮರದ ಪೆಟ್ಟಿಗೆಯಲ್ಲಿ ಊಟ ಹೊತ್ತು ಒಯ್ಯುತ್ತಾರೆ. ಮಂತ್ರಾಲಯದ ಬೃಂದಾವನದ ಮುಂದೆ ಕುಳಿತು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ಬೆಟ್ಟ 800 ಮೀಟರ್ ಎತ್ತರದಲ್ಲಿರುವುದರಿಂದ ನವೆಂಬರ್ ಕೊನೆಗೆ ಎಲೆಗಳು ಉದುರಿರುತ್ತವೆ, ಚಳಿ ಮೂಳೆಗಿಳಿಯುತ್ತದೆ.

ಅಕ್ಷರಾಭ್ಯಾಸಿ, ಧಾರವಾಡ

ಎಲ್ಲರೂ ಹಣ ಸುರಿದ ಮಾತನ್ನೇ ಆಡುತ್ತಿದ್ದೀರಿ, ಭಾಷೆಯ ಮಾತು ಯಾರೂ ಎತ್ತಲಿಲ್ಲ. ನಾನು ನಡುವಿನ ಹಂತವಾದ ಎನ್3 ಮುಗಿಸುವವರೆಗೂ ಹೋಗುವುದಿಲ್ಲವೆಂದು ಹಟ ಹಿಡಿದು, ತರಗತಿಯ ಶುಲ್ಕ, ಪುಸ್ತಕ, ಪರೀಕ್ಷೆಗೆಂದು ಧಾರವಾಡದಿಂದ ಬೆಂಗಳೂರಿಗೆ ಹೋಗಿಬರುವ ಖರ್ಚು ಎಲ್ಲ ಸೇರಿ 62,000 ರೂಪಾಯಿ ಹಾಕಿದವನು. ಪರಿಣಾಮವೇನೆಂದರೆ, ಕಾನಾಜಾವಾದ ಚಿನ್ನದ ತಗಡು ಅಂಟಿಸುವ ಕುಶಲಕರ್ಮಿಯೊಬ್ಬರ ಕೋಣೆಯಲ್ಲಿ ಒಂದು ಮಧ್ಯಾಹ್ನ ಕುಳಿತು ಮಾತನಾಡಿ, ಅವರೇ ಕರೆದು ಚಿತ್ರ ತೆಗೆಯಲು ಬಿಟ್ಟರು. ಬಾಗಿಲು ತೆರೆದರೆ ತಗಡು ಹಾರಿಹೋಗುತ್ತದೆಂದು ಉಸಿರು ಬಿಗಿಹಿಡಿದು ನಿಂತಿದ್ದೆ. ನಾಲ್ಕು ಲಕ್ಷದ ಕ್ಯಾಮೆರಾ ಹಿಡಿದು ಬಾಗಿಲ ಹೊರಗೆ ನಿಂತವರಿಗೆ ಅದು ದಕ್ಕುವುದಿಲ್ಲ. ತಾವು ಎನ್4 ಬರೆಯುವುದಾದರೆ ಪರೀಕ್ಷೆ ಡಿಸೆಂಬರ್ ಮೊದಲ ಭಾನುವಾರ ಬರುತ್ತದೆಂಬುದನ್ನು ಗಮನಿಸಿ. ನವೆಂಬರ್ ಕೊನೆಯ ಪ್ರವಾಸ ಮತ್ತು ಅದು ಒಂದಕ್ಕೊಂದು ಅಡ್ಡ ಬರುತ್ತವೆ.

ಬಿಡದಿ ಹಳಬ

ಎನ್3ರವರೆಗೆ ಕಾಯುವವರು ನಿವೃತ್ತಿಯಾದ ಮೇಲೆ ಹೋಗಬೇಕಾಗುತ್ತದೆ. ಆ ಪರೀಕ್ಷೆಯಲ್ಲಿ ಮಾತನಾಡುವ ಭಾಗವೇ ಇಲ್ಲವೆಂಬುದನ್ನು ಏಕೆ ಹೇಳಲಿಲ್ಲ? ನಮ್ಮ ಕಾರ್ಖಾನೆಯ ಫಿಟ್ಟರ್‌ಗಳು ಒಂದಕ್ಷರ ಓದಲಾರದೆ ಮೂರು ತಿಂಗಳಲ್ಲಿ ಜಪಾನೀಯರೊಡನೆ ಜಗಳವಾಡುವಷ್ಟು ಕಲಿತಿದ್ದರು. ಒಸಾಕಾದವರ ಟಿಕೆಟ್ ತಿದ್ದುಪಡಿಯನ್ನು ನೋಡಿದೆ; ನಾನಿದ್ದಾಗ ಸತತ ದಿನಗಳ ನಿಯಮವಿರಲಿಲ್ಲ.

ಅಕ್ಷರಾಭ್ಯಾಸಿ, ಧಾರವಾಡ

ಜಗಳವಾಡಲು ಕಲಿಯುವುದಕ್ಕೆ ಜಪಾನಿಗೆ ಹೋಗಬೇಕಿಲ್ಲ, ಇಲ್ಲಿಯೇ ಸಾಕಷ್ಟು ನಡೆಯುತ್ತಿದೆ.

ಒಸಾಕಾ ವಾಸಿ

ನಿಯಮ ಯಾವಾಗ ಬದಲಾಯಿತೆಂಬುದು ಬೇರೆ, ನವೆಂಬರ್‌ನಲ್ಲಿ ಆ ಟಿಕೆಟ್ ತಾವಿದ್ದಾಗಲೂ ನಡೆಯುತ್ತಿರಲಿಲ್ಲ. ಕೆಂಪೆಲೆಯವರೇ, 18-55 ಧಾರಾಳವಾಗಿ ಸಾಕು. ಟ್ರೈಪಾಡ್ ತರಬೇಡಿ, ಹೆಚ್ಚಿನ ದೇವಾಲಯಗಳಲ್ಲಿ ಅದಕ್ಕೆ ಅನುಮತಿ ಇಲ್ಲ. ಕ್ಯೋಟೋದ ತೋಫುಕುಜಿ ದೇವಾಲಯದ ತ್ಸೂತೆನ್ ಸೇತುವೆಯ ಮೇಲೆ ಶರತ್ಕಾಲದ ಜನಜಂಗುಳಿಯಲ್ಲಿ ಮೊಬೈಲಿನಲ್ಲೂ ಚಿತ್ರ ತೆಗೆಯಬಾರದೆಂದು ಕೂಗಿ ಹೇಳುತ್ತಿರುತ್ತಾರೆ. ಸೇತುವೆ ದಾಟಿ ಕೆಳಗಿನ ತೋಟಕ್ಕಿಳಿದರೆ ಅಡ್ಡಿಯಿಲ್ಲ.

ಬೀದಿಚಿತ್ರ, ಮೈಸೂರು

ಇದೊಂದನ್ನು ಒಪ್ಪುತ್ತೇನೆ. ನಾನಾಗಿದ್ದರೆ ಫುಶಿಮಿ ಇನಾರಿ ಗುಡಿಗೆ ನಸುಕಿನಲ್ಲೇ ಹೋಗುತ್ತೇನೆ. ಹಗಲಿರುಳು ತೆರೆದಿರುತ್ತದೆ, ಹಣ ಕೊಡಬೇಕಿಲ್ಲ, ಕೆಂಪು ತೋರಣ ಬಾಗಿಲುಗಳ ಸಾಲಿನಲ್ಲಿ ಜನರಿಲ್ಲದ ಚಿತ್ರ ಬೇಕಿದ್ದರೆ ಅದೊಂದೇ ಹೊತ್ತು. ಅದು ಮುಗಿಸಿ ಜೆಆರ್ ನಾರಾ ಮಾರ್ಗದಲ್ಲಿ ಒಂದೇ ಸ್ಟೇಷನ್ ಹಿಂದೆ ಬಂದರೆ ತೋಫುಕುಜಿ ಬಾಗಿಲು ತೆರೆಯುವ ಮುಂಚೆಯೇ ಸಾಲಿನಲ್ಲಿ ನಿಲ್ಲಬಹುದು. ಫುಲ್ ಫ್ರೇಮ್ ಮಾತ್ರ ಬೇಕೇ ಬೇಕು, ನಸುಕಿನಲ್ಲಿ ಕ್ರಾಪ್ ಸೆನ್ಸರ್ ನುಚ್ಚು ನುಚ್ಚಾಗಿ ತೋರಿಸುತ್ತದೆ.

ಬಿಡದಿ ಹಳಬ

ಒಂದು ಸ್ಟೇಷನ್ನಿಗೆ ರೈಲು ಹತ್ತಿಸುತ್ತಿದ್ದೀರಲ್ಲ! 150 ಯೆನ್ ಅಂದರೆ 90 ರೂಪಾಯಿ. ಇಪ್ಪತ್ತು ನಿಮಿಷದ ದಾರಿ, ನಡೆಯಲಿ.