ಅಪ್ಪನ ಹಳೇ ಕಾರು ಇಟ್ಟುಕೊಳ್ಳಲೋ, ಹೊಸದು ತಗೊಳ್ಳಲೋ? ಎರಡನ್ನೂ ಓಡಿಸಿದವರು ಹೇಳಿ

ಅಪ್ಪನ 1989ರ ಕಾರು ಈಗ ನನ್ನ ಪಾಲಿಗೆ ಬಂದಿದೆ. ಗಾಳಿ, ಪೆಟ್ರೋಲ್ ಬೆರೆಸಿ ಕೊಡೋಕೆ ಕಾರ್ಬ್ಯುರೇಟರ್ ಇರುವ ಹಳೇ ಕಾಲದ ಎಂಜಿನ್. ಮೀಟರ್ ತೋರಿಸುವುದು ಬರೀ 41,000 ಕಿ.ಮೀ. ಬೆಳಗ್ಗೆ ಚೋಕ್ ಎಳೆದು ಮೂರು ನಾಲ್ಕು ಸಲ ಸೆಲ್ಫ್ ಹೊಡೆದರೆ ಎದ್ದು ಕೂರುತ್ತೆ, ಆಮೇಲೆ ತಕರಾರಿಲ್ಲ. ನನ್ನದು ದಿನಕ್ಕೆ ಹದಿನೈದು ಕಿ.ಮೀ. ಓಡಾಟ. "ಆಗಿನ ಗಾಡಿ ಕಲ್ಲುಗುಂಡು, ಈಗಿನವೆಲ್ಲ ಪ್ಲಾಸ್ಟಿಕ್ಕು, ಮಾರಬೇಡ" ಅಂತಾರೆ ಚಿಕ್ಕಪ್ಪ. "ಹಾಗಾದ್ರೆ ಗ್ಯಾರೇಜಿನಲ್ಲೇ ಮನೆ ಮಾಡಿ" ಅಂತಾಳೆ ಹೆಂಡತಿ. ಯಾರ ಮಾತು ಕೇಳಲಿ?

* * *

ಎರಡನ್ನೂ ಓಡಿಸಿದ್ದೇನೆ, ಎರಡರಲ್ಲೂ ಕೈ ಸುಟ್ಟುಕೊಂಡಿದ್ದೇನೆ. ನಿಮ್ಮ ಚಿಕ್ಕಪ್ಪ ಎರಡು ಬೇರೆ ಬೇರೆ ಗುಣಗಳನ್ನು ಒಂದೇ ಮಾತಲ್ಲಿ ಕಟ್ಟಿಬಿಟ್ಟಿದ್ದಾರೆ. ಕೆಡದೆ ಓಡೋದು ಒಂದು. ಕೆಟ್ಟರೆ ಸ್ಪ್ಯಾನರು, ಸ್ಕ್ರೂಡ್ರೈವರಿನಲ್ಲಿ ಸರಿಹೋಗೋದು ಇನ್ನೊಂದು. ಹಳೇ ಕಾರುಗಳಿಗೆ ಇದ್ದದ್ದು ಎರಡನೆಯದು.

ನನ್ನ ಮೊದಲ ಕಾರಿಗೆ ಕಾಂಟ್ಯಾಕ್ಟ್ ಪಾಯಿಂಟ್ ಇತ್ತು, ಅಂದರೆ ಪ್ಲಗ್ಗಿನಲ್ಲಿ ಕಿಡಿ ಹಾರಿಸುವ ಸ್ವಿಚ್ಚು. ಅದು ಸವೆದು ಸವೆದು ಗ್ಯಾಪ್ ಬದಲಾಗೋದು, ಗ್ಯಾಪ್ ಬದಲಾದರೆ ಕಿಡಿ ಹಾರುವ ಟೈಮಿಂಗ್ ಹೋಗೋದು, ಟೈಮಿಂಗ್ ಹೋದರೆ ಪಿಕಪ್ ಇಲ್ಲ. ಪಾಯಿಂಟ್ ಉಜ್ಜು, ಫೀಲರ್ ಗೇಜ್ ತೂರಿಸು, ಪ್ಲಗ್ ಮಸಿ ಒರೆಸು, ಟ್ಯಾಪೆಟ್ ಅಡ್ಜಸ್ಟ್ ಮಾಡು, ನಿಪ್ಪಲ್ಲಿಗೆ ಗ್ರೀಸ್ ಹೊಡಿ. ಇಷ್ಟೆಲ್ಲ ಮಾಡಿಯೂ "ಆ ಕಾರು ಒಂದು ದಿನ ತೊಂದರೆ ಕೊಡಲಿಲ್ಲ" ಅಂತ ನಾನೇ ಹತ್ತು ಜನರ ಮುಂದೆ ಹೇಳಿದ್ದೇನೆ! ಭಾನುವಾರಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ ನೋಡಿ.

ಎಂಜಿನ್ ಆಯುಸ್ಸಿನ ವಿಷಯಕ್ಕೆ ಬಂದರೆ ಹೊಸದೇ ಮೇಲು, ಅದಕ್ಕೆ ಕಾರಣ ಇದೆ. ಚೋಕ್ ಎಳೆದಾಗ ಪೆಟ್ರೋಲ್ ಹೆಚ್ಚಾಗಿ ಒಳಗೆ ಹೋಗುತ್ತೆ. ಉರಿಯದೆ ಉಳಿದದ್ದು ಸಿಲಿಂಡರ್ ಗೋಡೆಯ ಮೇಲಿನ ಆಯಿಲನ್ನು ತೊಳೆದು ಹಾಕುತ್ತೆ. ದಿನಾ ಬೆಳಗ್ಗೆ ಹೀಗಾದರೆ ಪಿಸ್ಟನ್ ರಿಂಗ್, ಬೋರ್ (ಸಿಲಿಂಡರಿನ ಒಳಗೋಡೆ) ಎರಡೂ ಸವೆಯುತ್ತವೆ. ಕಾರ್ಬ್ಯುರೇಟರ್ ಬದಲು ಪೆಟ್ರೋಲ್ ಸಿಂಪಡಿಸುವ ಇಂಜೆಕ್ಷನ್ ಬಂದ ಮೇಲೆ ಎಂಜಿನ್ ಬಿಸಿ ಎಷ್ಟು, ಗಾಳಿ ಎಷ್ಟು ಅಂತ ಸೆನ್ಸರ್ ನೋಡಿ ಅಳೆದು ಪೆಟ್ರೋಲ್ ಬಿಡುತ್ತೆ. ಆಯಿಲೂ ಸುಧಾರಿಸಿತು. ಹಿಂದೆ ಐದು ಸಾವಿರ ಕಿ.ಮೀ.ಗೇ ಕಪ್ಪಗೆ ಗಂಜಿಯಾಗಿ ಇಳಿಯುತ್ತಿತ್ತು, ಈಗಿನ ಸಿಂಥೆಟಿಕ್ ಹತ್ತು ಸಾವಿರ ಆರಾಮಾಗಿ ತಾಳುತ್ತೆ.

ಒಂದು ಮಾತು ಕೇಳಲಾ? ನಿಮ್ಮ ಮೀಟರಿನಲ್ಲಿ ಎಷ್ಟು ಅಂಕಿ ಇವೆ? ಐದೇ ಇದ್ದರೆ 99,999 ಆದ ಮೇಲೆ ಸೊನ್ನೆಗೆ ತಿರುಗಿರುತ್ತೆ. ನಿಮ್ಮ 41,000ದ ಹಿಂದೆ ಒಂದು ಲಕ್ಷ ಬಚ್ಚಿಟ್ಟುಕೊಂಡಿರಬಹುದು. ಅಪ್ಪ ಖರ್ಚಿನ ಪುಸ್ತಕ ಏನಾದರೂ ಇಟ್ಟಿದ್ದರೆ ಹುಡುಕಿ.

* * *

"ಕಲ್ಲುಗುಂಡು" ಅಂದವರಿಗೆ ಒಂದೇ ಮಾತು. 2009ರಲ್ಲಿ ಅಮೆರಿಕದ ವಿಮಾ ಕಂಪನಿಗಳ ಸುರಕ್ಷತಾ ಸಂಸ್ಥೆಯವರು 1959ರ ಷೆವರ್ಲೆ ಬೆಲ್ ಏರ್ ಮತ್ತು 2009ರ ಷೆವರ್ಲೆ ಮಾಲಿಬು ಎರಡನ್ನೂ ಎದುರುಬದುರು ಗುದ್ದಿಸಿದರು. ದಪ್ಪ ತಗಡಿನ ಹಳೇ ಕಾರಿನ ಡ್ರೈವರ್ ಜಾಗವೇ ನುಜ್ಜುಗುಜ್ಜಾಯಿತು. ಹೊಸದರ ಮುಂಭಾಗ ಅಪ್ಪಚ್ಚಿ, ಒಳಗೆ ಕೂರುವ ಜಾಗ ಹಾಗೇ ಉಳಿಯಿತು. ಬಂಪರ್ ಸೊಟ್ಟಗಾಗದಿದ್ದರೆ ಆ ಪೆಟ್ಟು ನಿಮ್ಮ ಎದೆಗೇ ಬರೋದು ಸ್ವಾಮಿ. ಮಕ್ಕಳನ್ನು ಕೂರಿಸಿಕೊಂಡು ಹೋಗೋದಿದ್ದರೆ ನನಗೆ ಬೇರೆ ಲೆಕ್ಕವೇ ಬೇಕಿಲ್ಲ.

* * *

ಹೊಸದನ್ನು ಹೊಗಳಿದ್ದು ಸಾಕು, ನನ್ನ ಕಥೆ ಕೇಳಿ. ಐದು ವರ್ಷದ ಡೀಸೆಲ್ ಕಾರು. ಮನೆಯಿಂದ ಆಫೀಸಿಗೆ ಆರು ಕಿ.ಮೀ., ವಾಪಸ್ ಆರು. ಒಂದು ದಿನ ದೀಪ ಹತ್ತಿತು, ಕಾರು ತೆವಳೋಕೆ ಶುರುಮಾಡಿತು. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಕಟ್ಟಿಕೊಂಡಿದೆ ಅಂದರು. ಆ ಮಸಿ ತಾನಾಗಿ ಸುಟ್ಟುಹೋಗಬೇಕಾದರೆ ಫಿಲ್ಟರ್ ಸುಮಾರು 600 ಡಿಗ್ರಿಗೆ ಕಾಯಬೇಕಂತೆ. ನನ್ನ ಆರು ಕಿ.ಮೀ.ನಲ್ಲಿ ಎಂಜಿನ್ನೇ ಸರಿಯಾಗಿ ಬಿಸಿಯಾಗೋದಿಲ್ಲ! ಮಾರುವಾಗ ಯಾರೂ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ನಿಮ್ಮ ಹದಿನೈದು ಕಿ.ಮೀ. ಓಡಾಟಕ್ಕೆ ಡೀಸೆಲ್ ಕಡೆ ತಿರುಗಿಯೂ ನೋಡಬೇಡಿ.

ಗೇರ್‌ಬಾಕ್ಸ್ ಆಯಿಲ್ "ಜೀವನಪರ್ಯಂತ" ಬರುತ್ತೆ ಅಂದರೂ ನಂಬಬೇಡಿ. ಯಾರ ಜೀವನ ಅಂತ ಅವರು ಹೇಳೋದಿಲ್ಲ. ಮೊದಲೆಲ್ಲ ಬಲ್ಬ್ ಹೋದರೆ ಬಲ್ಬ್ ಹಾಕ್ತಿದ್ವಿ, ಈಗ ಎಷ್ಟೋ ಕಾರುಗಳಲ್ಲಿ ಹೆಡ್‌ಲೈಟೇ ಇಡಿಯಾಗಿ ಬದಲಿಸಬೇಕು. ಕೆಲವದರಲ್ಲಿ ಹೊಸದು ಹಾಕಿದ ಮೇಲೂ ಕಂಪ್ಯೂಟರ್ ಜೋಡಿಸಿ ಅದನ್ನು ಕಾರಿಗೆ ಪರಿಚಯ ಮಾಡಿಸಬೇಕು.

* * *

ನಾನು ಗ್ಯಾರೇಜ್ ಕೆಲಸದವನು. ಇವರು ಹೇಳಿದ್ದು ನಿಜ, ಆದರೆ ಆ ಕಂಪ್ಯೂಟರನ್ನು ಪೂರ್ತಿ ಬೈಯಬೇಡಿ. ಹಳೇದರಲ್ಲಿ ಮಿಸ್‌ಫೈರ್ ಬಂದರೆ, ಅಂದರೆ ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿದ್ದರೆ, ಕಿವಿಗೊಟ್ಟು ಕೇಳಿ, ಪ್ಲಗ್ ವೈರ್ ಒಂದೊಂದೇ ಕಿತ್ತು ನೋಡ್ತಿದ್ವಿ. ಈಗ ಸ್ಕ್ಯಾನರ್ ಹಾಕಿದರೆ ಮೂರನೇ ಸಿಲಿಂಡರ್ ಅಂತ ಅದೇ ಹೇಳುತ್ತೆ. ಕೋಡ್ ಓದಿದ ತಕ್ಷಣ ಸೆನ್ಸರ್ ಬದಲಿಸುವವನ ಹತ್ತಿರ ಮಾತ್ರ ಹೋಗಬೇಡಿ. ಎಷ್ಟೋ ಸಲ ಸೆನ್ಸರ್ ಸರಿಯಿದ್ದು ಕನೆಕ್ಟರ್ ತುಕ್ಕು ಹಿಡಿದಿರುತ್ತೆ.

ಇರ್ವ್ ಗಾರ್ಡನ್ ಅನ್ನುವವರು ತಮ್ಮ 1966ರ ವೋಲ್ವೋ ಪಿ1800 ಕಾರನ್ನು 2013ರ ಹೊತ್ತಿಗೆ 30 ಲಕ್ಷ ಮೈಲಿ ಓಡಿಸಿದ್ದರು. ಹಳೇದು ಗಟ್ಟಿ ಅನ್ನೋಕೆ ಎಲ್ಲರೂ ಅದನ್ನೇ ತೋರಿಸ್ತಾರೆ. ಆ ಮನುಷ್ಯ ಪುಸ್ತಕದಲ್ಲಿ ಬರೆದಂತೆ ಸರ್ವಿಸ್ ಮಾಡಿಸಿದ, ನಡುವೆ ಎಂಜಿನ್ ಬಿಚ್ಚಿಸಿ ಕಟ್ಟಿಸಿದ. ಅದೇ ಸಾಲಿನಲ್ಲಿ ಬಂದ ಮಿಕ್ಕ ಕಾರುಗಳು ಬಹುಪಾಲು ಗುಜರಿಗೆ ಹೋದವು, ಅವನ್ನು ಯಾರೂ ನೆನೆಯೋದಿಲ್ಲ.

ನಿಮ್ಮ ಕಾರಿಗೆ ನನ್ನ ಸಲಹೆ: ಪೆಟ್ರೋಲ್ ಪೈಪುಗಳನ್ನು ಮೊದಲು ಬದಲಿಸಿ. ಎಥನಾಲ್ ಬೆರೆತ ಪೆಟ್ರೋಲ್ ಆ ಕಾಲದ ರಬ್ಬರನ್ನು ತಿನ್ನುತ್ತೆ, ಬಿಸಿ ಎಂಜಿನ್ ಮೇಲೆ ತೊಟ್ಟಿಕ್ಕಿದರೆ ಬೆಂಕಿ. ಬ್ರೇಕ್ ಆಯಿಲ್ ನೀರು ಹೀರುತ್ತೆ, ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಪಿಸ್ಟನ್, ವಾಲ್ವ್ ಎರಡನ್ನೂ ತಾಳಕ್ಕೆ ಓಡಿಸುವ ಟೈಮಿಂಗ್ ಬೆಲ್ಟ್ ಇದ್ದರೆ ಕಿ.ಮೀ. ಒಂದನ್ನೇ ನೋಡಬೇಡಿ, ನಿಂತಲ್ಲೇ ನಿಂತರೂ ರಬ್ಬರಿಗೆ ವಯಸ್ಸಾಗುತ್ತೆ. ಅದು ಹರಿದರೆ ಎಷ್ಟೋ ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯುತ್ತೆ. ಆಮೇಲೆ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಇಳಿಸೋದೇ.

ದಿನದ ಓಡಾಟಕ್ಕೆ ಹತ್ತು ಹದಿನೈದು ವರ್ಷ ಹಳೆಯ, ಸಾದಾ ಇಂಜೆಕ್ಷನ್ ಪೆಟ್ರೋಲ್ ಕಾರು ನೋಡಿ. ಟರ್ಬೋ ಬೇಡ, ದೊಡ್ಡ ಪರದೆ ಬೇಡ. ಅಪ್ಪನ ಕಾರನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ.

* * *

ಎಲ್ಲರಿಗೂ ಥ್ಯಾಂಕ್ಸ್. ಮೀಟರಿನಲ್ಲಿ ಐದೇ ಅಂಕಿ. ಪುಸ್ತಕವೂ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲೇ ಸಿಕ್ತು. ಸೊನ್ನೆಗೆ ತಿರುಗಿದ ದಿನ ಅಪ್ಪ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದಾರೆ. 88,000ಕ್ಕೆ ಎಂಜಿನ್ ಬೋರ್ ಮಾಡಿಸಿದ್ದು (ಸವೆದ ಸಿಲಿಂಡರ್ ಕೊರೆಸಿದ್ದು), ಕಾರ್ಬ್ಯುರೇಟರ್ ಆರು ಸಲ ಬಿಚ್ಚಿದ್ದು, ಸೈಲೆನ್ಸರ್ ನಾಲ್ಕು, ಎರಡೂ ಬಾಗಿಲ ಕೆಳಗೆ ತುಕ್ಕು ಕತ್ತರಿಸಿ ತಗಡು ಹಾಕಿದ್ದು. ಚಿಕ್ಕಪ್ಪನಿಗೆ ತೋರಿಸಿದೆ. "ಅದೆಲ್ಲ ರಿಪೇರಿ ಅಲ್ಲ ಕಣೋ, ಸರ್ವಿಸ್ಸು" ಅಂದರು.

ಬೆಲ್ಟ್ ಕೊನೆಯದಾಗಿ ಹಾಕಿಸಿದ್ದು 2009ರಲ್ಲಿ. ಅದನ್ನು ಓದಿದ ಮೇಲೆ ನಾನು ಸ್ಟಾರ್ಟ್ ಮಾಡಿಲ್ಲ.